ಕಾಣೆಯಾದ ಮೆಮೊರಿ ಚಿಪ್‌ಗಳು

ಶನಿವಾರದವರೆಗೂ ಹಚ್ಚಿದೊಡನೆ ತನ್ನ ಮೆಮೊರಿಯನ್ನು ಆರುನೂರ ನಲವತ್ತರವರೆಗೆ ಎಣಿಸುತ್ತಿದ್ದ ಕಂಪ್ಯೂಟರ್ ಸೋಮವಾರ ಬೆಳಿಗ್ಗೆ ಇನ್ನೂರ ಐವತ್ತಾರಕ್ಕೇ ನಿಂತಿತು. ಕೂಗಲಿಲ್ಲ, ತಪ್ಪು ತೋರಿಸಲಿಲ್ಲ. ಏನೂ ಆಗಿಲ್ಲವೆಂಬಂತೆ ಸುಮ್ಮನೆ ಕೂತಿತು. ಮುಚ್ಚಳ ಬಿಚ್ಚಿದರೆ, ಹೊಸದಾಗಿ ಕೂರಿಸಿದ್ದ ಮೆಮೊರಿ ಚಿಪ್‌ಗಳ ಸಾಲು ಖಾಲಿ.

ಸಾಗರದ ಜನ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಬರುತ್ತಿದ್ದ ಕಾಲ, ೧೯೮೮. ಗಂಡ ತೀರಿದ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ವರದಮ್ಮ ಆ ಹಳೆಯ ಯಂತ್ರವನ್ನು ಬಸ್ ಸ್ಟ್ಯಾಂಡ್ ಬಳಿಯ ಇನ್ನೊಂದು ಇನ್‌ಸ್ಟಿಟ್ಯೂಟಿನ ಗಣೇಶಮೂರ್ತಿಯಿಂದ ಕೊಂಡಿದ್ದರು. ಆ ಸೋಮವಾರ ಸಂಜೆ ಹೊಸನಗರದ ಸೊಸೈಟಿಯ ಕಾರ್ಯದರ್ಶಿ ನಾಗರಾಜಪ್ಪ ಬರುವವರಿದ್ದರು. ಅವರ ಲೆಕ್ಕದ ಪ್ರೋಗ್ರಾಂ ಓಡಿದರೆ ಸೊಸೈಟಿಯ ಕೆಲಸ ಕೈಗೆ. ಓಡದಿದ್ದರೆ ವರದಮ್ಮ ಬಾಗಿಲು ಹಾಕಿ ತೀರ್ಥಹಳ್ಳಿಯ ಅಣ್ಣನ ಮನೆ ಸೇರಬೇಕು. ಅದು ಓಡಲು ಹೊಸ ಚಿಪ್‌ಗಳು ಬೇಕೇ ಬೇಕು.

ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ಬಾಡಿಗೆಗಿದ್ದವರು ಜಲಜಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಆಕೆಯ ಹತ್ತಿರ ಊರಿನವರು ಪೊಲೀಸರಿಗಿಂತ ಮೊದಲು ಬರುತ್ತಿದ್ದರು. ಪಕ್ಕದ ಸೈಕಲ್ ಶಾಪಿನ ಕನ್ನಪ್ಪ ಎಲ್ಲ ಪತ್ತೆಯಲ್ಲೂ ಆಕೆಯ ಜೊತೆಗಾರ. ಅವನಿಗೆ ಸಿಟ್ಟು ಮೊದಲು, ಯೋಚನೆ ಆಮೇಲೆ.

"ಆ ಗಣೇಶಮೂರ್ತಿದೇ ಕೆಲಸ, ಜಲಜಕ್ಕ. ಹೋಗಿ ಎರಡು ಬಾರಿಸಿ ಬರ್ತೀನಿ."

"ಬಾರಿಸೂದು ಆಮೇಲಿರಲಿ ಮಾರಾಯ. ಚಿಪ್ ಕೂರಿಸುವಾಗ ನೀನೂ ಇದ್ಯಲ್ಲ, ಎಂತೆಂತ ಆಯ್ತು ಹೇಳು."

ಕನ್ನಪ್ಪ ಹೇಳಿದ. ಕಾರ್ಗಲ್ಲಿನ ಪವರ್ ಹೌಸಿನ ಟೆಕ್ನೀಷಿಯನ್ ಸುಬ್ಬರಾಯ, ಮದುವೆಯಿಲ್ಲದೆ ನಲವತ್ತು ದಾಟಿದವನು, ಯಂತ್ರ ಬಂದಾಗಿನಿಂದ ಭಾನುವಾರ ತಪ್ಪಿಸಿರಲಿಲ್ಲ. ಮೆಮೊರಿ ಆರಿಸಿದವನೂ ಅವನೇ. ಗಣೇಶಮೂರ್ತಿ ಅಗ್ಗದ ಚಿಪ್ ತಂದಾಗ ಸುಬ್ಬರಾಯ ಅದರ ಬೆನ್ನಿನ ನಂಬರ್ ಓದಿ, "ಇದು ನಿಧಾನದ್ದು. ಹಳೇದಕ್ಕಿಂತ ಚುರುಕಿದ್ರೆ ಅಡ್ಡಿಲ್ಲ, ನಿಧಾನ ಇದ್ರೆ ನಡುವೆ ಕೈಕೊಡ್ತದೆ" ಎಂದು ಬೇಡವೆಂದಿದ್ದ. ಬೆಂಗಳೂರಿಗೆ ಹೋಗಿ ಸರಿಯಾದದ್ದನ್ನೇ ತಂದ. ಚಿಪ್‌ಗಳ ತಂತಿಯಂಥ ಕಾಲು ಬಗ್ಗದಿರಲೆಂದು ಅಂಗಡಿಯವರು ಅವನ್ನು ಕಪ್ಪು ಸ್ಪಂಜಿಗೆ ಚುಚ್ಚಿ ಕೊಟ್ಟಿದ್ದರು. ಕೂರಿಸುವ ಮೊದಲು, ಒಳಗಿನ ಪುಟ್ಟ ಬಿಳಿ ಸ್ವಿಚ್‌ಗಳನ್ನು ಆರುನೂರ ನಲವತ್ತಕ್ಕೆ ಸರಿಸಿ ಯಂತ್ರ ಹಚ್ಚಿ ತೋರಿಸಿದ. ತೆರೆಯ ಮೇಲೆ ತಪ್ಪಿನ ನಂಬರ್ ಬಂತು. "ನೋಡಿ, ಇಲ್ಲದ್ದನ್ನ ಇದೆ ಅಂದ್ರೆ ಇದು ಒಪ್ಪೂದಿಲ್ಲ" ಎಂದಾಗ ವರದಮ್ಮ ನಕ್ಕಿದ್ದರು. ಆಕೆ ನಕ್ಕದ್ದನ್ನು ಕನ್ನಪ್ಪ ಎಷ್ಟೋ ಕಾಲದ ಮೇಲೆ ನೋಡಿದ್ದ.

"ನಿನ್ನೆ ಇಲ್ಲಿ ಯಾರ್ಯಾರು ಇದ್ರು?" ಎಂದು ಜಲಜಮ್ಮ ವರದಮ್ಮನನ್ನು ಕೇಳಿದರು.

"ಸುಬ್ಬರಾಯರು ಊಟಕ್ಕೆ ಬಂದಿದ್ರು. ನಾನು ಅಡುಗೆಮನೇಲಿದ್ದಾಗ ಯಂತ್ರ ಒಮ್ಮೆ ನೋಡ್ತೀನಿ ಅಂದ್ರು. ಸಂಜೆ ಗಣೇಶಮೂರ್ತಿ ರಿಬ್ಬನ್ ಕೇಳ್ಕೊಂಡು ಬಂದ್ರು. ಕಾಫಿ ಮಾಡಿ ತರೋವರೆಗೆ ಒಬ್ರೇ ಕೂತಿದ್ರು."

ಜಲಜಮ್ಮ ಮೇಜಿನ ಡ್ರಾಯರ್ ಎಳೆದರು. ಅಲ್ಲಿಟ್ಟಿದ್ದ ಕಪ್ಪು ಸ್ಪಂಜೂ ಇರಲಿಲ್ಲ.

"ನಾಗರಾಜಪ್ಪ ಬರೋದನ್ನ ಸುಬ್ಬರಾಯರಿಗೆ ಹೇಳಿದ್ರಾ?"

ವರದಮ್ಮ ತಲೆ ತಗ್ಗಿಸಿದರು. "ಇಲ್ಲ. ಚಿಪ್ ಮಕ್ಕಳಿಗೆ ಕಲಿಸೋಕೆ ಅಂದಿದ್ದೆ."

ಜಲಜಮ್ಮ ಕಾರ್ಗಲ್ಲಿಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕಂಪ್ಯೂಟರಿನ ಸುತ್ತ ಕೂತಿದ್ದರು. ಕನ್ನಪ್ಪ ಬಾಗಿಲಿಗೆ ಅಡ್ಡ ನಿಂತು ಗಣೇಶಮೂರ್ತಿಯನ್ನೇ ದುರುಗುಟ್ಟುತ್ತಿದ್ದ.

"ಗಣೇಶಮೂರ್ತಿ, ಚಿಪ್ ಕಿತ್ತು ಹಾಗೇ ಬಿಟ್ರೆ ಯಂತ್ರ ಎಂತ ಮಾಡ್ತದೆ?" ಎಂದರು ಜಲಜಮ್ಮ.

"ಎಂತ ಮಾಡ್ತದೆ? ಕಡಿಮೆ ಎಣಿಸ್ತದೆ, ಅಷ್ಟೇ."

"ನೋಡು ಕನ್ನಪ್ಪ, ಮಾರಿದವರಿಗೇ ಗೊತ್ತಿಲ್ಲ. ಹಾಗೇ ಬಿಟ್ಟಿದ್ರೆ ತಪ್ಪಿನ ನಂಬರ್ ಬರ್ತಿತ್ತು, ನೀನೇ ಕಂಡದ್ದು. ಇವತ್ತು ಬರಲಿಲ್ಲ. ಅಂದ್ರೆ ಚಿಪ್ ತೆಗೆದವರು ಆ ಬಿಳಿ ಸ್ವಿಚ್‌ಗಳನ್ನೂ ಹಿಂದಕ್ಕೆ ಸರಿಸಿದಾರೆ."

"ಸುಳ್ಳು ಹೇಳ್ತಿರಬಹುದಲ್ಲ ಇವನು?"

"ಹೇಳಲಿ. ಆದ್ರೂ ವರದಮ್ಮನ ಕೆಡಿಸೋಕೆ ಬಂದವನು ಯಂತ್ರ ಕೂಗಲಿ ಅಂತಲೇ ಬಿಟ್ಟು ಹೋಗ್ತಿದ್ದ. ದುಡ್ಡಿಗೆ ಬಂದವನಿಗೆ ಸ್ವಿಚ್ ಮುಟ್ಟೋ ಪುರುಸೊತ್ತಿಲ್ಲ. ನಾಳೆ ಮಕ್ಕಳ ಕ್ಲಾಸು ನಿಲ್ಲಬಾರದು ಅಂದ್ಕೊಂಡವರು ಮಾತ್ರ ಹೀಗೆ ಮಾಡಿಯಾರು. ಅವರಿಗೆ ಸಂಜೆಯ ವಿಷಯ ಗೊತ್ತಿರಲಿಲ್ಲ. ಸ್ಪಂಜೂ ಒಯ್ದಿದಾರೆ, ಚಿಪ್ ಹಾಳಾಗದೆ ವಾಪಸ್ ಬರಬೇಕಲ್ಲ. ಅಲ್ವಾ ಸುಬ್ಬರಾಯರೇ?"

ಸುಬ್ಬರಾಯ ಶರ್ಟಿನ ಜೇಬಿನಿಂದ ಕಪ್ಪು ಸ್ಪಂಜು ತೆಗೆದು ಮೇಜಿನ ಮೇಲಿಟ್ಟ. ಚಿಪ್‌ಗಳು ಒಂದೂ ಕಾಲು ಬಗ್ಗದೆ ಅದರಲ್ಲಿದ್ದವು. ಕನ್ನಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ.

"ಥೂ, ಅನ್ನ ಹಾಕಿದ ಮನೇಲಿ ಕದೀತೀಯಲ್ಲೋ. ಇವತ್ತು ಇದು ಓಡದಿದ್ರೆ ಅವರು ಊರು ಬಿಡ್ಬೇಕು, ಗೊತ್ತಾ?"

ಸುಬ್ಬರಾಯನ ಮುಖ ಬಿಳಿಚಿತು. "ಊರು ಬಿಡೋದಾ?" ಎಂದು ವರದಮ್ಮನ ಕಡೆ ನೋಡಿದ. "ನಂಗೆ ಗೊತ್ತಿರಲಿಲ್ಲ. ಇಲ್ಲಿ ಕೆಲಸ ಮುಗಿದು ಹೋಯ್ತಲ್ಲ. ಚಿಪ್ ಇಲ್ಲದಿದ್ರೆ ಮತ್ತೆ ನನ್ನನ್ನೇ ಕರೀತೀರಿ ಅಂದ್ಕೊಂಡೆ. ಮುಂದಿನ ಭಾನುವಾರ ಎಂತ ಹೇಳ್ಕೊಂಡು ಬರೂದು ಅಂತ..."

ಕನ್ನಪ್ಪನ ಹಿಡಿತ ತಾನಾಗಿ ಸಡಿಲಿತು. ಗಣೇಶಮೂರ್ತಿ ಕಿಟಕಿಯತ್ತ ತಿರುಗಿದ.

"ಮೊದಲು ಕೂರಿಸಿ," ಎಂದರು ವರದಮ್ಮ. ದನಿ ಗಟ್ಟಿಯಾಗಿತ್ತು.

ಸುಬ್ಬರಾಯ ಕೂರಿಸಿದ. ಬಿಳಿ ಸ್ವಿಚ್‌ಗಳನ್ನು ಮತ್ತೆ ಮುಂದಕ್ಕೆ ಸರಿಸಿದ. ಕನ್ನಪ್ಪನೇ ಟಾರ್ಚ್ ಹಿಡಿದ. ತೆರೆಯ ಮೇಲೆ ಅಂಕಿ ಏರುತ್ತ ಹೋಗಿ ಆರುನೂರ ನಲವತ್ತಕ್ಕೆ ನಿಂತಿತು. ಸಂಜೆ ನಾಗರಾಜಪ್ಪ ಬಂದರು, ಪ್ರೋಗ್ರಾಂ ಓಡಿದ್ದು ನೋಡಿದರು, ಕೆಲಸ ಕೊಟ್ಟು ಹೋದರು.

ಸುಬ್ಬರಾಯ ಚೀಲ ಹೆಗಲಿಗೇರಿಸಿ ಹೊರಟ. ವರದಮ್ಮ ಬಾಗಿಲವರೆಗೆ ಬಂದರು.

"ಸೊಸೈಟಿ ವಿಷಯ ಹೇಳಿದ್ರೆ, ಬರೀ ಕೆಲಸಕ್ಕೇ ಕರೀತಾಳೆ ಅಂದ್ಕೊಳ್ತೀರಿ ಅಂತ ಸುಮ್ಮನಿದ್ದೆ. ನಿಮಗೇನಾಗಿತ್ತು? ಬಾಯಿಬಿಟ್ಟು ಕೇಳಬಾರದಿತ್ತಾ?"

"ಈಗ ಕೇಳಿದ್ರೆ?"

ಆಕೆ ಬಾಗಿಲನ್ನು ಅರ್ಧ ಎಳೆದುಕೊಂಡರು.

"ಈಗ ಬೇಡ," ಎಂದರು. "ಭಾನುವಾರ ಬಂದು ಕೇಳಿ."