ಹನ್ನೆರಡು ಬಾಟಲಿ, ಒಂದು ಮೂಗು

ಮೊದಲ ಲೋಟವನ್ನು ಮೂಗಿನ ಹತ್ತಿರ ತರುತ್ತಲೇ ಅವಳು ಮುಖ ಸಿಂಡರಿಸಿದಳು.

"ಇದರಲ್ಲಿ ಒದ್ದೆ ರಟ್ಟಿನ ವಾಸನೆ ಇದೆ," ಎಂದಳು.

ವೈನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದ ಹತ್ತು ಜನರೂ ಅವಳ ಕಡೆ ತಿರುಗಿದರು. ಅಷ್ಟರಲ್ಲಾಗಲೇ ಇಬ್ಬರು ಆ ವೈನನ್ನು ಹೊಗಳಿ ಆಗಿತ್ತು. ಸುರಿದುಕೊಟ್ಟ ಅಂಗಡಿಯವನಂತೂ, ಇಟಲಿಯ ಬಿಳಿ ವೈನ್‌ಗಳಲ್ಲೆಲ್ಲ ಈ ಸೊವಾವೆ ಬಲು ಮೃದು, ಮೂಸಿದರೆ ಪೇರ್ ಹಣ್ಣೂ ಬಾದಾಮಿ ಹೂವೂ ನೆನಪಾಗುತ್ತವೆ ಎಂದು ಆಗಷ್ಟೇ ಹೇಳಿ ಮುಗಿಸಿದ್ದ. ಪಕ್ಕದಲ್ಲಿದ್ದ ಅತ್ತಿಗೆ ಮೇಜಿನಡಿಯಲ್ಲಿ ಅವಳ ಕಾಲು ತುಳಿದಳು.

ಬಂದದ್ದೇ ಅತ್ತಿಗೆಯ ಬಲವಂತಕ್ಕೆ. ಈ ವೈನ್ ರುಚಿ ನೋಡುವ ಸಂಜೆಗೆ ಅಣ್ಣ ಕೈಕೊಟ್ಟಿದ್ದರಿಂದ ಒಂದು ಟಿಕೆಟ್ ಉಳಿದಿತ್ತು. ವೈನ್ ಅಂದರೆ ದೊಡ್ಡ ಹೆಸರಿಟ್ಟುಕೊಂಡ ಹುಳಿ ನೀರು ಎಂಬುದು ಅವಳ ಗಟ್ಟಿ ಅಭಿಪ್ರಾಯ. ನೀರಿನ ವಿಚಾರದಲ್ಲಿ ಅಭಿಪ್ರಾಯ ಹೇಳುವ ಹಕ್ಕೂ ಅವಳಿಗಿತ್ತು. ಊರಿನ ನೀರು ಸರಬರಾಜು ಪ್ರಯೋಗಾಲಯದಲ್ಲಿ ಹದಿಮೂರು ವರ್ಷಗಳಿಂದ ಅವಳ ಕೆಲಸವೇ ಅದು. ದಿನಾ ಬೆಳಿಗ್ಗೆ ಗಾಜಿನ ಬುರುಡೆಗಳಲ್ಲಿ ನೀರನ್ನು ಬೆಚ್ಚಗೆ ಮಾಡಿ, ಬಿರಡೆ ತೆಗೆದು ಮೂಸಿ, ಪಾಚಿಯೋ ತುಕ್ಕೋ ಕ್ಲೋರಿನ್ನೋ ಎಂದು ಬರೆದಿಡುವುದು. ಮನೆಯಲ್ಲಿ ಅಣ್ಣ ಅವಳನ್ನು ಕರೆಯುತ್ತಿದ್ದುದು 'ಇನ್‌ಸ್ಪೆಕ್ಟರ್' ಎಂದು.

ಅಂಗಡಿಯವನು ಆ ಬಾಟಲಿಯನ್ನೆತ್ತಿ ಮೂಸಿದ. ಬಹಳ ಹೊತ್ತು ಮೂಸಿದ. ಆಮೇಲೆ, ಮೇಡಂ ಹೇಳೋದು ಸರಿ, ಕಾರ್ಕ್ ಕೆಟ್ಟು ಬಾಟಲಿ ಹಾಳಾಗಿದೆ, ಕ್ಷಮಿಸಿ ಎಂದು ಲೋಟಗಳನ್ನೆಲ್ಲ ವಾಪಸ್ ತೆಗೆದುಕೊಂಡ. ಅವನ ಕಿವಿಗಳು ಕೆಂಪಾಗಿದ್ದವು. ಉಳಿದ ಸಂಜೆಯೆಲ್ಲ ಅವಳ ಕಡೆ ಮತ್ತೆ ಮತ್ತೆ ನೋಡಿದ. ಅವಳು ನೋಡಿದಾಗ ಮಾತ್ರ ಬಾಟಲಿಯ ಚೀಟಿ ಓದುತ್ತಿದ್ದ.

ದಾರಿಯುದ್ದಕ್ಕೂ ಅತ್ತಿಗೆ ಬೈದಳು. ಅಷ್ಟು ಜನರ ಮುಂದೆ ಆ ಮನುಷ್ಯನ ಮಾನ ಕಳೆದೆಯಲ್ಲ ಎಂದಳು. ಅವಳಿಗೂ ಅದೇ ಚುಚ್ಚುತ್ತಿತ್ತು.

ಹಾಗಾಗಿ ಮೂರನೆಯ ದಿನ ಅಂಗಡಿಯವನು ಅತ್ತಿಗೆಯಿಂದ ವಿಳಾಸ ಪಡೆದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಜಗಳಕ್ಕೇ ಬಂದಿದ್ದಾನೆ ಎಂದುಕೊಂಡಳು. ಅವನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, ದಯವಿಟ್ಟು ಒಳಗೆ ಬರಬೇಡಿ, ನಿಮ್ಮ ಆಫ್ಟರ್‌ಶೇವ್ ಘಾಟಿಗೆ ನನ್ನ ಬೆಳಗಿನ ಕೆಲಸವೆಲ್ಲ ಹಾಳಾಗುತ್ತದೆ ಎಂದಳು.

ಅವನು ಕೆನ್ನೆ ಮುಟ್ಟಿಕೊಂಡ. "ತುಂಬಾ ಜಾಸ್ತಿ ಆಗಿದೆಯಾ?"

ಅದು ತಮಾಷೆಯ ಪ್ರಶ್ನೆಯಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ಅವಳು ಅವನ ಮುಖವನ್ನೇ ನೋಡಿದಳು.

"ನಿಮಗೆ ವಾಸನೆ ಗೊತ್ತಾಗ್ತಾ ಇಲ್ಲ, ಅಲ್ವಾ?"

ಅವನು ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ. ಒಂದು ಜ್ವರ ಬಂದು ಹೋಗಿ ನಾಲ್ಕು ತಿಂಗಳಾಗಿತ್ತಂತೆ. ಜ್ವರದ ಜೊತೆ ವಾಸನೆಯೂ ಹೋಯಿತು. ವಾಪಸ್ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಂಗಡಿ ಅವನ ಅಕ್ಕನದು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳೂ ಅವಳೇ. ಹದಿನೈದು ವರ್ಷಗಳಿಂದ ಅಂಗಡಿಗೆ ಏನು ತರಿಸಬೇಕೆಂದು ಆರಿಸುತ್ತಿದ್ದವನು ಅವನು. ಈಗ ಇಟಲಿಯಿಂದ ಹನ್ನೆರಡು ಬಿಳಿ ವೈನ್‌ಗಳ ಮಾದರಿ ಬಂದು ಕೂತಿವೆ. ಎರಡು ವಾರದೊಳಗೆ ಆರನ್ನು ಆರಿಸಬೇಕು. ಹಳೆಯ ನೆನಪಿನ ಬಲದಲ್ಲೇ ಪೇರ್, ಬಾದಾಮಿ ಎಂದು ಒದರುತ್ತಾ ಇಷ್ಟು ದಿನ ತಳ್ಳಿದ್ದಾಯಿತು. ಮೊನ್ನೆ ಸಿಕ್ಕಿಬಿದ್ದ. ತನ್ನ ಪರವಾಗಿ ಮೂಸಿ ಹೇಳುತ್ತೀರಾ ಎಂದು ಕೇಳಲು ಬಂದಿದ್ದ.

ವೈನ್ ತನಗೆ ತಿಳಿಯುವುದಿಲ್ಲ, ಅದರ ಮೇಲೆ ನಂಬಿಕೆಯೂ ಇಲ್ಲ ಎಂದಳು ಅವಳು.

"ಅದಕ್ಕೇ ನೀವು ಬೇಕು," ಎಂದ ಅವನು. "ನಂಬಿರೋರು ನನ್ನ ಮಾತನ್ನೇ ಕುಡೀತಾರೆ."

ಮರುದಿನದಿಂದ ಕೆಲಸ ಮುಗಿಸಿ ಸೀದಾ ಅಂಗಡಿಯ ಹಿಂದಿನ ಕೋಣೆಗೆ ಹೋಗತೊಡಗಿದಳು. ಮೊದಲ ದಿನವೇ ತನ್ನ ಕಾನೂನು ಜಾರಿಗೆ ತಂದಳು. ಬಾಟಲಿಗಳಿಗೆಲ್ಲ ಕಂದು ಕಾಗದ ಸುತ್ತಿ ನಂಬರು ಬರೆಯಬೇಕು. ಮೂರು ಲೋಟದಲ್ಲಿ ಎರಡಕ್ಕೆ ಒಂದೇ ವೈನ್, ಮೂರನೆಯದಕ್ಕೆ ಬೇರೆ. ಬೇರೆ ಯಾವುದೆಂದು ಅವಳು ಹೇಳಲಾಗದಿದ್ದರೆ ಅವಳ ಮಾತಿಗೆ ಬೆಲೆ ಕೊಡಬಾರದು. ಹೆಸರು, ದೇಶ, ದ್ರಾಕ್ಷಿ ಯಾವುದನ್ನೂ ಅವನು ಮುಂಚೆ ಹೇಳಕೂಡದು. ಪ್ರತಿ ಗುಟುಕನ್ನೂ ಬಕೆಟ್ಟಿಗೆ ಉಗುಳಬೇಕು. ಅವನು ಶಾಲೆಯ ಹುಡುಗನ ಹಾಗೆ ಎಲ್ಲಕ್ಕೂ ತಲೆಯಾಡಿಸಿದ. ಆಫ್ಟರ್‌ಶೇವ್ ಹಚ್ಚುವುದನ್ನೂ ಬಿಟ್ಟ.

ಅವಳ ತೀರ್ಪುಗಳು ಕಡ್ಡಿ ಮುರಿದ ಹಾಗಿದ್ದವು. ನಾಲ್ಕನೆಯ ನಂಬರಿನದು ತಣ್ಣಗಿದೆ, ಅದು ಬಿಟ್ಟು ಹೇಳುವುದಕ್ಕೇನೂ ಇಲ್ಲ ಎಂದಳು. ಕಾಗದ ತೆಗೆದರೆ ಅದು ಎಲ್ಲರೂ ಹೆಸರು ಹಿಡಿದು ಕೇಳುವ ಪಿನೊ ಗ್ರಿಜಿಯೊ. ಹನ್ನೆರಡರಲ್ಲೇ ಅತಿ ದುಬಾರಿಯಾಗಿದ್ದ ಏಳನೆಯದನ್ನು ಮೂಸಿ, ಬಡಗಿಯ ಅಂಗಡಿಯಲ್ಲಿ ಯಾರೋ ಬೆಣ್ಣೆ ಚೆಲ್ಲಿದ್ದಾರೆ ಎಂದಳು. ಅವನು ನಕ್ಕ ರಭಸಕ್ಕೆ ಬಾಯಲ್ಲಿದ್ದದ್ದು ಬಕೆಟ್ಟಿಗೆ ಬೀಳದೆ ಅಂಗಿಯ ಮೇಲೆ ಬಿತ್ತು.

ಒಂದು ಸಂಜೆ ಅವಳು ಬರೆದ ಹಾಳೆಗಳನ್ನೆಲ್ಲ ಅವನು ಎದುರಿಗೆ ಹರಡಿಕೊಂಡು ಕೂತ. ಕೆಟ್ಟದ್ದು ಏನೇನಿದೆ ಅಂತ ಚೆನ್ನಾಗಿ ಬರೆದಿದ್ದೀರಿ ಎಂದ. ಆಮೇಲೆ ಮೆಲ್ಲಗೆ ಕೇಳಿದ.

"ಚೆನ್ನಾಗಿರೋದು ಏನಿದೆ?"

ಹದಿಮೂರು ವರ್ಷಗಳಲ್ಲಿ ಯಾರೂ ಅವಳ ಮೂಗಿಗೆ ಈ ಪ್ರಶ್ನೆ ಹಾಕಿರಲಿಲ್ಲ. ನೀರಿನಲ್ಲಿ ಏನೂ ಇಲ್ಲದಿರುವುದೇ ಚೆನ್ನ. ಅವಳು ಲೋಟ ತಿರುಗಿಸಿ ಕಣ್ಣು ಮುಚ್ಚಿದಳು.

"ಸಮುದ್ರದ ದಡದಲ್ಲಿ ಕೂತಿದ್ದೀನಿ," ಎಂದಳು ತಡೆದು ತಡೆದು. "ಕೈಯಲ್ಲಿ ನಿಂಬೆಹಣ್ಣು ಇದೆ. ಸಿಪ್ಪೇನ ಉಗುರಿಂದ ಗೀರ್ತಾ ಇದ್ದೀನಿ. ಹಿಂದೆ ಎಲ್ಲೋ ಒಣಗಿದ ಹುಲ್ಲು."

ಕಣ್ಣು ಬಿಟ್ಟರೆ ಅವನೂ ಕಣ್ಣು ಮುಚ್ಚಿ ಕೂತಿದ್ದ. ರೆಪ್ಪೆಗಳ ತುದಿ ಒದ್ದೆಯಾಗಿತ್ತು. ಇದು ವರ್ಮೆಂಟಿನೊ ದ್ರಾಕ್ಷಿಯದು ಎಂದ, ಕಾಗದ ಬಿಚ್ಚದೆಯೇ. ನಾಲ್ಕು ತಿಂಗಳಲ್ಲಿ ಮೊದಲ ಸಲ ವಾಸನೆ ಬಂದ ಹಾಗಾಯಿತು, ಥ್ಯಾಂಕ್ಸ್ ಎಂದ. ಅವಳು ಪೆನ್ನಿನ ಮುಚ್ಚಳ ಹುಡುಕಿದಳು. ಅದು ಅವಳ ಇನ್ನೊಂದು ಕೈಯಲ್ಲೇ ಇತ್ತು.

ಅವನ ನಾಲಿಗೆ ಮಾತ್ರ ಇನ್ನೂ ಚುರುಕಾಗಿತ್ತು. ಹುಳಿ, ಉಪ್ಪು, ಕಹಿ ಎಲ್ಲ ತಿಳಿಯುತ್ತಿತ್ತು. ವರ್ಡಿಕ್ಕಿಯೊ ಎಂಬ ವೈನನ್ನು ಅವಳು ಕೊನೆಯಲ್ಲಿ ಕಹಿ ಎಂದು ಹೊಡೆದುಹಾಕಲು ಹೊರಟಾಗ, ಒಂದು ತುಂಡು ಬ್ರೆಡ್ ಬೆಣ್ಣೆ ಕೈಗಿಟ್ಟು, ಇದನ್ನು ತಿಂದು ಮತ್ತೆ ಕುಡಿಯಿರಿ ಎಂದ. ತಿಂದು ಕುಡಿದಳು. ಕಹಿ ಎಂಬುದು ಬಾದಾಮಿ ಸಿಪ್ಪೆಯಷ್ಟೇ ತೆಳ್ಳಗಾಗಿ, ಇನ್ನೊಂದು ಗುಟುಕು ಬೇಕೆನಿಸಿತು. ಅಂದು ಮೊದಲ ಬಾರಿಗೆ ಅವಳು ಉಗುಳಲಿಲ್ಲ. ಅದನ್ನು ಕಂಡು ಅವನು ತುಟಿಯಂಚಿನಲ್ಲೇ ನಕ್ಕ.

"ಏನು ನೋಡ್ತಾ ಇದ್ದೀರಿ?" ಎಂದಳು.

"ಇನ್‌ಸ್ಪೆಕ್ಟರ್ ಲಂಚ ತಗೊಂಡಿದ್ದನ್ನ."

ಮನೆಯ ಆ ಹೆಸರನ್ನು ಅವನಿಗೆ ಯಾವಾಗ ಹೇಳಿದ್ದೆನೆಂದು ಅವಳಿಗೇ ನೆನಪಿರಲಿಲ್ಲ.

ಎಂಟನೆಯ ಸಂಜೆ ಅವನು ತನ್ನ ಯೋಜನೆ ಹೇಳಿದ. ಶನಿವಾರ ವೈನ್ ಆರಿಸುವಾಗ ಅಕ್ಕ ಎದುರಿಗೆ ಕೂರುತ್ತಾಳೆ. ನೀವು ಗೆಳತಿಯ ಹಾಗೆ ಪಕ್ಕದಲ್ಲಿರಿ. ಒಳ್ಳೆಯದಾದರೆ ಪೆನ್ನು ಮುಟ್ಟಿ, ಬೇಡವಾದರೆ ಸುಮ್ಮನಿರಿ. ಉಳಿದದ್ದು ನಾನು ಮಾತಾಡುತ್ತೇನೆ.

ಅವಳು ಲೋಟ ಕೆಳಗಿಟ್ಟಳು. "ನಿಮಗೋಸ್ಕರ ಎಷ್ಟು ಬೇಕಾದ್ರೂ ಮೂಸ್ತೀನಿ. ಸುಳ್ಳು ಹೇಳೋಕೆ ಆಗಲ್ಲ. ಅದೂ ನಿಮ್ಮನ್ನ ಸಾಕಿದೋರಿಗೆ."

ಅಕ್ಕನಿಗೆ ಗೊತ್ತಾದರೆ ತಾನು ಅವಳಿಗೆ ಭಾರವಾಗುತ್ತೇನೆ ಎಂದ. ಹೇಳದೆ ಈಗಾಗಲೇ ದೂರವಾಗಿದ್ದೀರಿ ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು.

ಗುರುವಾರ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಬೆಳಿಗ್ಗೆ ಬುರುಡೆಯ ಬಿರಡೆ ತೆಗೆದು ಮೂಸಿದಾಗ, ಮಳೆ ಬಿದ್ದ ಮಣ್ಣಿನ ಛಾಯೆ ಸ್ವಲ್ಪ ಇದೆ ಎಂದು ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದಳು. ರಿಜಿಸ್ಟರಿನಲ್ಲಿ ಬರೆಯುವುದನ್ನೇ ಮರೆತಿದ್ದಳು. ತನಗೇನಾಗಿದೆ ಎಂದು ಆಗ ತಿಳಿಯಿತು. ತಿಳಿದು ಹೆದರಿಕೆಯಾಯಿತು.

ಶನಿವಾರ ಹನ್ನೊಂದು ಗಂಟೆಗೆ ಪರಿಚಯವಿಲ್ಲದ ನಂಬರಿನಿಂದ ಫೋನು ಬಂತು. ಅವನ ಅಕ್ಕ. "ಅವನು ಎಲ್ಲ ಹೇಳಿದಾನಮ್ಮ. ಬಂದುಬಿಡು, ನಿನಗೋಸ್ಕರ ಕಾಯ್ತಾ ಇದ್ದೀವಿ," ಎಂದಳು.

ಹೋದಾಗ ಹನ್ನೆರಡೂ ಬಾಟಲಿ ಮೇಜಿನ ಮೇಲಿದ್ದವು. ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿಕೊಂಡಿದ್ದ ಅಕ್ಕ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. ತನಗೆ ಎರಡು ತಿಂಗಳ ಹಿಂದೆಯೇ ಗೊತ್ತಿತ್ತು ಎಂದಳು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಘಾಟು ತುಂಬಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದನಂತೆ.

"ನಾನಾಗಿ ಕೇಳಿದ್ರೆ ಮುರಿದುಹೋಗ್ತಾನೆ ಅಂತ ಸುಮ್ನಿದ್ದೆ. ನೀನು ಹೇಳಿಸಿದೆ. ನಿನ್ನ ಹೊಟ್ಟೆ ತಣ್ಣಗಿರಲಿ."

ಅವನು ಮೇಜಿನ ಆ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅತ್ತು ಕಣ್ಣು ಕೆಂಪಾಗಿತ್ತು, ಆದರೂ ಭುಜ ಹಗುರವಾಗಿತ್ತು.

ಮೂವರೂ ಕೂತು ಆರಿಸಿದರು. ಅವಳು ಮೂಸಿ ಹೇಳಿದಳು, ಅವನು ನಾಲಿಗೆಯಿಂದ ತೂಗಿದ, ಅಕ್ಕ ಇಬ್ಬರ ಮಾತನ್ನೂ ಬರೆದುಕೊಂಡಳು. ದುಬಾರಿ ಏಳನೆಯದು ಮೊದಲೇ ಬಿದ್ದುಹೋಯಿತು. ಪಿನೊ ಗ್ರಿಜಿಯೊ ವಿಷಯದಲ್ಲಿ ಅಕ್ಕ ಜಗ್ಗಲಿಲ್ಲ. ಗಿರಾಕಿಗಳು ಕೇಳುವುದೇ ಅದನ್ನು ಎಂದಳು. ಅವಳು ಒಲ್ಲದ ಮನಸ್ಸಿನಿಂದ ಒಪ್ಪಿದಳು. ಮುಂದೆಯೂ ಶನಿವಾರಗಳಂದು ಬರುತ್ತೀಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಕ್ಕ ಗಿರಾಕಿಗಳನ್ನು ನೋಡಲು ಮುಂದಿನ ಕೋಣೆಗೆ ಹೋದಳು.

ಅವನು ಲೋಟ ತೊಳೆದು ಕೊಡುತ್ತಿದ್ದ, ಅವಳು ಒರೆಸುತ್ತಿದ್ದಳು. ಆಗ ಅವಳು ಯಾರಿಗೂ ಹೇಳದಿದ್ದ ಒಂದು ಸಂಗತಿ ಹೇಳಿದಳು. ಆರು ವರ್ಷದ ಹಿಂದೆ ಅವಳನ್ನು ನೋಡಲು ಒಬ್ಬರು ಬಂದಿದ್ದರು. ಮೂರು ಸಲ ಭೇಟಿಯಾಗಿ, ಇಷ್ಟವೆಂದು ಹೇಳಿ, ಕೊನೆಗೆ, ಉಸಿರಾಡುವುದೇ ತಪ್ಪು ಹುಡುಕಲು ಎನ್ನುವ ಹೆಂಗಸಿನ ಜೊತೆ ಬದುಕುವುದು ಕಷ್ಟ ಎಂದು ಅಣ್ಣನಿಗೆ ಹೇಳಿ ಕಳಿಸಿದ್ದರು. ಅಂದಿನಿಂದ ಈ ಮೂಗಿನ ಬಗ್ಗೆ ನಾಚಿಕೆಯೇ ಆಗಿತ್ತು, ಆ ನಾಚಿಕೆಯನ್ನು ನೀವು ತೆಗೆದಿರಿ ಎಂದಳು.

ಅವನು ನಲ್ಲಿ ನಿಲ್ಲಿಸಿದ. "ಆ ಮನುಷ್ಯನ ವಿಳಾಸ ಕೊಡಿ. ಕಾಲಿಗೆ ಬಿದ್ದು ಬರ್ತೀನಿ. ಅವನು ಒಪ್ಪಿಬಿಟ್ಟಿದ್ರೆ ನನ್ನ ಗತಿ?"

ಅವಳು ನಗಲು ಹೋಗಿ ನಗಲಾಗದೆ ಲೋಟದ ಅಂಚನ್ನು ಮತ್ತೆ ಒರೆಸಿದಳು.

"ನಿಮ್ಮ ಮೂಗು ವಾಪಸ್ ಬಂದ ಮೇಲೆ?" ಎಂದಳು. "ಆಮೇಲೆ ನಾನ್ಯಾಕೆ ಬೇಕು?"

ಅವನು ಅವಸರ ಮಾಡದೆ ಕೈ ಒರೆಸಿಕೊಂಡ.

"ಇಷ್ಟು ದಿನ ಪಕ್ಕದಲ್ಲೇ ಕೂತಿದ್ದೆ. ನಿಮ್ಮ ಕೂದಲಿಗೆ ಯಾವ ಪರಿಮಳ ಅಂತ ಗೊತ್ತಿಲ್ಲ ನನಗೆ. ಮೂಗು ಬಂದ್ರೆ ಮೊದಲು ಅದು ಗೊತ್ತಾಗಬೇಕು. ಬರದೇ ಇದ್ರೆ, ನೀವೇ ಹೇಳಬೇಕು. ಎರಡಕ್ಕೂ ನೀವು ಇಲ್ಲೇ ಇರಬೇಕಲ್ಲ."

ತನ್ನೊಳಗೆ ತುಂಬಿಬಂದದ್ದಕ್ಕೆ ಕೃತಜ್ಞತೆ ಎಂಬುದಕ್ಕಿಂತ ಹತ್ತಿರದ ಪದ ಅವಳಿಗೆ ಸಿಗಲಿಲ್ಲ. ಆ ಜ್ವರಕ್ಕೆ, ಅತ್ತಿಗೆಯ ಬಲವಂತಕ್ಕೆ, ಕೈಕೊಟ್ಟ ಅಣ್ಣನಿಗೆ, ಎಲ್ಲರಿಗೂ ಒಟ್ಟಿಗೆ ಸಲ್ಲಿಸಬೇಕಾದ ಕೃತಜ್ಞತೆ. ಅವಳು ಬಟ್ಟೆ ಕೆಳಗಿಟ್ಟು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾಳೆ ಭಾನುವಾರ, ನನಗೆ ರಜೆ," ಎಂದಳು. "ಬೆಳಿಗ್ಗೆ ಮನೆಗೆ ಬಾ. ಅಣ್ಣನ ಹತ್ತಿರ ನೀನೇ ಮಾತಾಡು."

ಆ ಏಕವಚನ ಕಿವಿಗೆ ಬಿದ್ದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಎಷ್ಟು ಗಂಟೆಗೆ ಬರಲಿ ಹೇಳು," ಎಂದ.