ಗುರುವಾರದ ಬರ್ಫ

ಗದಗ ಸ್ಟೇಷನ್ನಿನಲ್ಲಿ ನರ್ಮದಾ ಮಾರ್ತಾಂಡನನ್ನು ಮೊದಲು ಕಂಡಾಗ, ಅವನು ದೊಡ್ಡದೊಂದು ಥರ್ಮಾಸನ್ನು ಎದೆಗವಚಿಕೊಂಡು ಬೆವರುತ್ತ ನಿಂತಿದ್ದ. ಅವಳು ಮುಚ್ಚಳ ತೆಗೆದು ನೋಡಿದಳು.

"ಬರ್ಫ ಅರ್ಧಾ ಕರಗೇದಲ್ರೀ."

"ಸೊರಟೂರ ಹತ್ರ ಬಸ್ಸು ಕೆಟ್ಟು ನಿಂತಿತ್ತರಿ. ಬರ್ಫಕ್ಕ ತಿಳಿಸಿ ಹೇಳಿದೆ, ಅದು ಕೇಳಲಿಲ್ಲ."

ಬೈಯಬೇಕೆಂದಿದ್ದವಳ ತುಟಿಯಂಚಿನಲ್ಲಿ ನಗು ಸುಳಿಯಿತು.

ಅದು ೧೯೮೫ರ ಮಳೆಗಾಲ. ನರ್ಮದಾ ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಸಂಶೋಧಕಿ. ಎಳೆಗೂಸುಗಳಿಗೆ ನೆಗಡಿಯಾಗಿ ಬಂದು ಉಸಿರು ಕಟ್ಟಿಸುವ ವೈರಸ್ಸನ್ನು ಹುಡುಕಿಕೊಂಡು ಬಂದು, ಬೆಟಗೇರಿಯ ಸೋದರಮಾವನ ಮನೆಯಲ್ಲಿ ಉಳಿದಿದ್ದಳು. ಮಾರ್ತಾಂಡ ಶಿರಹಟ್ಟಿಯ ದವಾಖಾನೆಯಲ್ಲಿ ಲ್ಯಾಬ್ ಕೆಲಸಗಾರ. ಕೆಮ್ಮುವ ಕೂಸುಗಳ ಮೂಗಿನ ದ್ರವವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದು, ಬುಡ್ಡಿಗೆ ಹಾಕಿ, ಬರ್ಫದಲ್ಲಿಟ್ಟು ಗುರುವಾರಕ್ಕೊಮ್ಮೆ ತಂದುಕೊಡುತ್ತಿದ್ದ. ಅದು ಸಂಜೆಯ ಗಾಡಿಗೆ ಪುಣೆಗೆ ಹೋಗುತ್ತಿತ್ತು.

ಗಾಡಿ ಬರುವವರೆಗೆ ಇಬ್ಬರೂ ಚಹಾ ಕುಡಿಯುತ್ತ ಕೂಡುತ್ತಿದ್ದರು.

"ಇದರಿಂದ ಲಸಿಕಿ ಹೆಂಗ ಮಾಡ್ತೀರಿ?" ಎಂದು ಒಂದು ದಿನ ಕೇಳಿದ.

"ನಮಗೆಲ್ಲಾ ಸಣ್ಣವರಿದ್ದಾಗ ಸಿಡುಬು ಬರಬಾರದಂತ ದೇವಿ ಹಾಕಿದ್ರಲ್ಲ, ಆ ಲಸಿಕಿ ವೈರಸ್ಸಿನೊಳಗ ಈ ನೆಗಡಿ ವೈರಸ್ಸಿಂದು ಒಂದು ಸಣ್ಣ ತುಂಡು ಸೇರಸೋದು. ಅದು ಮೈಯೊಳಗ ಹೋಗಿ ಆ ತುಂಡಿನ ಗುರ್ತು ಮಾಡಿಕೊಡ್ತದ. ಮುಂದ ಖರೆ ರೋಗ ಬಂದ್ರ ಮೈ ತಡೀತದ."

ಅವನ ಕಣ್ಣು ಅವಳ ತೋಳಿನ ದುಂಡನೆಯ ಕಲೆಯ ಮೇಲೆ ನಿಂತಿತು. "ನಿಮಗ ಹಾಕಿದ್ರ?"

"ನಡಿಯಂಗಿಲ್ಲ. ಒಮ್ಮೆ ದೇವಿ ಹಾಕಿಸಿಕೊಂಡ ಮೈ ಅದರ ಗುರ್ತು ಹಿಡಿದು ಹೊರಗ ಹಾಕ್ತದ."

"ಗುರ್ತು ಹಿಡಿದ ಮ್ಯಾಲೂ ಹೊರಗ ಹಾಕೋದೇನ್ರಿ?"

ಅವಳು ಸೆರಗೆಳೆದು ಕಲೆ ಮುಚ್ಚಿಕೊಂಡಳು. ಮುಖ ಮುಚ್ಚಿಕೊಳ್ಳಲಾಗಲಿಲ್ಲ.

ಮಾರ್ತಾಂಡನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದದ್ದು ತುಳಸಾ, ಏಳು ತಿಂಗಳ ಮಗಳು. ಒಂದು ರವಿವಾರ ಶಿರಹಟ್ಟಿಗೆ ಹೋದಾಗ ನರ್ಮದಾ ಅವಳನ್ನು ಎತ್ತಿಕೊಂಡಳು. ಕೂಸು ಅವಳ ಕನ್ನಡಕ ಕಿತ್ತುಕೊಂಡು ಬಾಯಿಗಿಟ್ಟುಕೊಂಡಿತು.

"ನಿಮ್ಮ ಲಸಿಕಿ ಮೊದಲ ಇಕಿಗೆ ಹಾಕ್ರಿ," ಎಂದ ಮಾರ್ತಾಂಡ.

"ಹಾಕ್ತೀನಿ," ಎಂದುಬಿಟ್ಟಳು. ಅದಕ್ಕೆ ಎಷ್ಟು ವರ್ಷ ಬೇಕೆಂದು ಅವಳಿಗೆ ಗೊತ್ತಿತ್ತು. ಆ ಹೊತ್ತಿಗೆ ಹೇಳಬೇಕೆನಿಸಲಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಅವನು ಥರ್ಮಾಸು ಕೊಟ್ಟ. ಅವಳು ಮುಚ್ಚಳ ತೆಗೆದಳು. ಒಳಗೆ ಒಂದೇ ಬುಡ್ಡಿ. ಚೀಟಿಯ ಮೇಲೆ ಅವನದೇ ಅಕ್ಷರ: ತುಳಸಾ, ಒಂಬತ್ತು ತಿಂಗಳು.

"ಹೆಂಗಿದ್ದಾಳ?" ಎಂದಳು ನರ್ಮದಾ.

"ನಿನ್ನೆ ಮುಂಜಾನೆ ಹೋದಳ್ರಿ."

"ಮತ್ತ ಇವತ್ತ್ಯಾಕ ಬಂದ್ರಿ ನೀವು?"

"ಬರ್ಫ ಕರಗತಿತ್ತಲ್ರೀ."

ಆ ವರ್ಷ ಕಳಿಸಿದ ನಲವತ್ತು ಬುಡ್ಡಿಗಳಲ್ಲಿ ಪುಣೆಯಲ್ಲಿ ಚೆನ್ನಾಗಿ ಬೆಳೆದದ್ದು ತುಳಸಾಳ ಮೂಗಿನಿಂದ ಬಂದ ವೈರಸ್ಸೊಂದೇ. ನರ್ಮದಾ ಅದರ ತುಂಡನ್ನೇ ಲಸಿಕೆಗೆ ಸೇರಿಸಿದಳು. ಲಸಿಕೆ ಹಾಕಿದ ಇಲಿಗಳು ರೋಗವನ್ನು ತಡೆದುಕೊಂಡಾಗ ಮಾರ್ತಾಂಡನಿಗೆ ನಾಲ್ಕು ಪುಟ ಬರೆದಳು. ಅವನು ಒಂದು ಪುಟ ಬರೆದ, ಕೊನೆಯಲ್ಲಿ, "ಜಲ್ದಿ ಬರ್ರಿ. ನಿಮ್ಮ ಮಾವನವರ ಕೂಡ ಮಾತಾಡೋದದ." ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಕೆಲಸ ಮುಗಿಸಿ, ಗೆದ್ದು ಹೋಗಬೇಕೆಂದು ಕಾದಳು. ಎರಡು ವರ್ಷ ಕಾದಳು.

ಮಂಗಗಳಲ್ಲಿ ಲಸಿಕೆ ಸೋತಿತು. ಹಾಕಿದವಕ್ಕೂ ಹಾಕದವಕ್ಕೂ ಒಂದೇ ಕೆಮ್ಮು. ಕೆಲಸ ನಿಂತಿತು.

೧೯೮೮ರ ಬೇಸಿಗೆಯಲ್ಲಿ ಅವಳು ಶಿರಹಟ್ಟಿಗೆ ಬಂದು, ದವಾಖಾನೆಯ ಹಿಂದಿನ ಬೇವಿನ ನೆರಳಿನಲ್ಲಿ ಎಲ್ಲವನ್ನೂ ಹೇಳಿದಳು.

"ಆ ವೈರಸ್ ಇನ್ನೂ ಜೀವಂತ ಅದ ಏನ್ರಿ?" ಎಂದು ಕೇಳಿದ ಮಾರ್ತಾಂಡ.

"ಅದ. ಥಂಡಿ ಪೆಟಗಿಯೊಳಗ."

"ಅಕಿ ಇಲ್ಲ. ಅದು ಅದ."

"ಹೇಳ್ರಿ, ಸುಟ್ಟುಬಿಡ್ತೀನಿ."

"ಬ್ಯಾಡ್ರಿ. ಅದೂ ಹೋದ್ರ ಅಕಿ ಬಂದು ಹೋದದ್ದರ ಗುರ್ತ ಇರಂಗಿಲ್ಲ."

ನರ್ಮದಾ ದನಿ ಗಟ್ಟಿ ಮಾಡಿಕೊಂಡಳು. "ನಾ ಪುಣೆಕ್ಕ ಹೋಗಂಗಿಲ್ಲ. ಇಲ್ಲೇ ಇರ್ತೀನಿ, ನಿಮ್ಮ ಜೋಡಿ. ಪತ್ರದೊಳಗ ಬರದಿದ್ರಲ್ಲ, ಮಾವನ ಕೂಡ ಮಾತಾಡ್ರಿ."

"ಬರದದ್ದು ಖರೇನರಿ. ಈಗೂ ಮನಸ್ಸು ಹಂಗ ಅದ. ಆದ್ರ ನೀವು ಎದುರಿಗೆ ನಿಂತ್ರ ನನಗ ನಿಮ್ಮ ಮುಖ ಕಾಣಂಗಿಲ್ಲ. ಅಕಿ ಮೂಗಿಗೆ ಕಡ್ಡಿ ಹಾಕಿದಾಗ ಅಕಿ ನನ್ನ ನೋಡಿದ್ದು ಕಾಣ್ತದ. ಮೂರು ವರ್ಷ ಆಗಲಿಕ್ಕೆ ಬಂತು, ಹೋಗವಲ್ದು. ಜೀವನಪೂರ್ತಿ ನಿಮ್ಮ ಮುಖಾ ತಪ್ಪಿಸಿಕೋತ ಬಾಳೇವು ಹೆಂಗ ಮಾಡ್ಲಿ?"

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಮೂರಡಿ ಅಂತರದಲ್ಲಿ ನಡೆದರು. ಅವಳು ಕಿಟಕಿಯ ಪಕ್ಕ ಕುಳಿತಳು. ಬಸ್ಸು ಅಲುಗಿದಾಗ ಅವನು ಸರಳು ಹಿಡಿದು ಎರಡು ಹೆಜ್ಜೆ ಜೊತೆಗೆ ಬಂದ.

"ನರ್ಮದಾ," ಎಂದ. "ತಲಿ ಮ್ಯಾಲೆ ಸೆರಗು ಹಾಕ್ಕೋ. ಬಿಸಲು ಭಾಳ ಅದ."

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳು ಸೆರಗು ಹೊದ್ದುಕೊಂಡಳು. ಗದಗ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸೆರಗನ್ನು ಮಾತ್ರ ಅವಳು ಇಳಿಸಲಿಲ್ಲ.