ಮೂವತ್ತೊಂದನೇ ಪುಟದ ‘ದೇ.ಗೊ.’

“ಇದೇನ್ರೀ ಇದು, ದೇ.ಗೊ.?”

ಹೊಸ ಪ್ರೊಫೆಸರ್ ಒಂದು ಹೆಜ್ಜೆಯ ಪಕ್ಕದ ಗುರುತಿಗೆ ಬೆರಳಿಟ್ಟು ಕೇಳಿದ್ದು ಅಷ್ಟೇ. ಅವಳ ಮುಖ ಕೆಂಪಾಯಿತು. ಎಂಟು ವರ್ಷ ಜೀವ ತೇಯ್ದು ಬರೆದ ಪ್ರಮೇಯ, ಶುಕ್ರವಾರ ಇಡೀ ಗಣಿತ ವಿಭಾಗದ ಎದುರು ಮಂಡಿಸಬೇಕು. ಅದನ್ನು ಪರೀಕ್ಷಿಸುವ ಕೆಲಸ ತಪ್ಪು ಹುಡುಕುವುದಕ್ಕೇ ಹೆಸರಾದ ಈ ‘ಕೆಂಪು ಪೆನ್ನಿ’ನ ಪಾಲಿಗೇ ಬರಬೇಕೇ!

“ದೇವರಿಗೆ ಗೊತ್ತು ಅಂತ.”

“ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ ತಾನೇ?” ಅವನು ನಕ್ಕು ಅದರ ಸುತ್ತ ಕೆಂಪು ಗೆರೆ ಎಳೆದ.

“ನನಗೆ ಹಾಗಲ್ಲ. ಇದು ನಿಜ, ದೇವರಿಗೆ ಗೊತ್ತು, ನಾನಿನ್ನೂ ಹುಡುಕಬೇಕು ಅಂತ.”

“ಹುಡುಕಿದ್ರಾ?”

ಅವಳು ಹಾಳೆ ಕಸಿದುಕೊಂಡು ಹೊರಟಳು.

ಪ್ರಾರ್ಥಿಸದೆ ಒಂದು ದಿನವೂ ಲೆಕ್ಕಕ್ಕೆ ಕೂತವಳಲ್ಲ ಅವಳು. ನನ್ನ ದೇವರನ್ನು ನೋಡಿ ನಗೋಕೆ ಇವನ್ಯಾರು? ಸಿಟ್ಟಿನಲ್ಲೇ ಮನೆಗೆ ಬಂದು ಪುಟ ತೆರೆದಳು. ಆಮೇಲೆ ನೋಡೋಣವೆಂದು ಬಿಟ್ಟ ಆ ಹೆಜ್ಜೆಯನ್ನು ಅವಳು ಸಾಧಿಸಿಯೇ ಇರಲಿಲ್ಲ!

ಮೂರು ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಪ್ರಾರ್ಥನೆಯ ಬದಲು ಆ ಕೆಂಪು ಸುತ್ತು.

“ದೇವರ ಮುಂದೆ ಕೂತ್ರೂ ಲೆಕ್ಕಾನೇನೇ?” ಅಮ್ಮ ಗದರಿದರು.

ದೇವರ ಮೇಲೆ ಭಾರ ಹಾಕಿ ನಾನೇ ಕೈಕಟ್ಟಿ ಕೂತೆನಾ…

ಗುರುವಾರ ಮಧ್ಯಾಹ್ನ ವಿಭಾಗದಲ್ಲಿ ಅವನೇ ಬಂದು ಅವಳ ಕೋಣೆಯ ಬಾಗಿಲು ತಟ್ಟಿದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಹದಿನಾಲ್ಕು ಹಾಳೆ.

“ನಿಮ್ಮ ಹೆಜ್ಜೆ ಸುಳ್ಳು ಅಂತ ತೋರಿಸೋಕೆ ಹೊರಟೆ. ಎಲ್ಲಿಂದ ಶುರು ಮಾಡಿದ್ರೂ ಇದೇ ಸಾಲಲ್ಲಿ ಸಿಕ್ಕಿಹಾಕ್ಕೋತೀನಿ.”

ಅವಳು ಹಾಳೆ ತಿರುವಿದಳು, ಮತ್ತೆ ತಿರುವಿದಳು. “ಸುಳ್ಳು ಅಂದ್ಕೊಂಡು ಎಲ್ಲಿಂದ ಹೊರಟ್ರೂ ಈ ಸಾಲು ತನ್ನನ್ನೇ ಅಲ್ಲಗಳೀಲೇಬೇಕು ಅಂದ್ರೆ… ಅದು ಸುಳ್ಳಾಗೋಕೆ ದಾರಿಯೇ ಇಲ್ಲ!”

ಆರೇ ಸಾಲು. ಬರೆದು ಮುಗಿಸಿ ದೇ.ಗೊ. ಅಳಿಸಿದಳು. ಕಣ್ಣು ಮುಚ್ಚಿದಳು. ಮೂರು ದಿನದಿಂದ ಬಾರದ ಪ್ರಾರ್ಥನೆ ತಾನಾಗಿ ಬಂತು. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿ ಕಾದ.

“ಅವತ್ತು ನಕ್ಕಿದ್ದು ತಪ್ಪಾಯ್ತು ನನ್ನಿಂದ,” ಅವಳು ಕಣ್ಣು ತೆರೆದಾಗ ಅವನೆಂದ.

“ನೀವು ಕೇಳಿದ್ದು ಸರಿಯಾಗೇ ಇತ್ತು. ಆದ್ರೆ ನನ್ನ ಲೆಕ್ಕಕ್ಕೆ ನೀವ್ಯಾಕೆ ನಿದ್ದೆಗೆಟ್ರಿ?”

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ದೇವರಿಗೆ ಗೊತ್ತು.”

ಅವಳ ಎದೆ ಜೋರಾಗಿ ಬಡಿದುಕೊಂಡಿತು. “ನಿಮ್ಮ ಅರ್ಥದಲ್ಲಾ, ನನ್ನ ಅರ್ಥದಲ್ಲಾ?”

“ನಿಮ್ಮ ಅರ್ಥದಲ್ಲಿ. ನಿಜ ಅಂತ ಗೊತ್ತು… ಸಾಧಿಸಿ ತೋರಿಸೋದೊಂದು ಉಳಿದಿದೆ.”

ಅವಳು ಅವನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡಳು.

“ನಿಧಾನವಾಗೇ ಸಾಧಿಸಿ,” ಎಂದಳು. “ಈ ಸಲ ತಿದ್ದೋದು ನಾನು.”